ನಾಲ್ಕನೆಯ ಸಾಲಿನ ಅವಸರ

ಫೋವಾ ದ್ವೀಪ, ಟೊಂಗಾ
12 ಮಾರ್ಚ್ 1994

ನಟಶಿರೋಮಣಿಯೂ ನನ್ನ ಸೋದರಳಿಯನೂ ಆದ ಲೊಪೇತಿಗೆ,

ನೀನು ಕಳಿಸಿದ ವಿಡಿಯೋ ಕ್ಯಾಸೆಟ್ಟು ಶುಕ್ರವಾರದ ದೋಣಿಯಲ್ಲಿ ಸುಖವಾಗಿ ಬಂದಿಳಿಯಿತು. ಅದರೊಳಗಿದ್ದ ನೀನು ಮಾತ್ರ ಸುಖವಾಗಿ ಉಳಿಯಲಿಲ್ಲ.

ಊರಿಗೆಲ್ಲ ಇರುವುದೊಂದೇ ಟೀವಿ, ಅಂಗಡಿ ತಾನಿಯೆಲಾನ ಮನೆಯಲ್ಲಿ. ಸಂಜೆಯ ಪ್ರಾರ್ಥನೆ ಮುಗಿದು ಅವನು ಜನರೇಟರಿನ ಹಗ್ಗ ಎಳೆದದ್ದೇ ತಡ, ಪಾದ್ರಿಗಳಿಂದ ಹಿಡಿದು ಪಾದ್ರಿಗಳ ಹಂದಿಯವರೆಗೆ ಸಮಸ್ತರೂ ನೆರೆದರು. ನಿನ್ನಪ್ಪನ ಅಕ್ಕ, ಅಂದರೆ ನಿನ್ನ ಮಟ್ಟಿಗೆ ಭೂಲೋಕದಲ್ಲಿ ರಾಜರ ನಂತರದ ಸ್ಥಾನ ನನ್ನದಾದ್ದರಿಂದ, ಎದುರಿನ ಚಾಪೆ ನನಗೇ ಮೀಸಲು. ಚಿತ್ರ ಶುರುವಾಯಿತು. ನೀನು ಯಾವುದೋ ಹೋಟೆಲಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ಯಾರೋ ಬಂದರು. "ಒಳಗೆ ಬಿಡೋಕಾಗಲ್ಲ" ಎಂದೆ. ಢಂ ಎಂದಿತು. ಬಿದ್ದೆ. ಅಲ್ಲಿಗೆ ನಿನ್ನ ಕಲಾಸೇವೆ ಸಂಪನ್ನವಾಯಿತು.

"ಅಯ್ಯೋ, ಎಷ್ಟು ಬೇಗ ಸತ್ತುಬಿಟ್ಟ!" ಎಂದಳು ಪಕ್ಕದ ಮನೆ ಮೆಲೆನೈತೆ.

"ಅವನ ಅಮ್ಮನ ಕಡೆಯೋರಿಗೆ ಎಲ್ಲದಕ್ಕೂ ಅವಸರ" ಎಂದೆ ನಾನು.

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, "ಒಂದ್ಸಲ ಹಿಂದಕ್ಕೆ ತಿರುಗಿಸಪ್ಪಾ" ಎಂದರು. ತಾನಿಯೆಲಾ ತಿರುಗಿಸಿದ. ನೀನು ಎದ್ದು ನಿಂತೆ. ಜನ ಚಪ್ಪಾಳೆ ತಟ್ಟಿದರು. ಮತ್ತೆ ಸತ್ತೆ. ಹೀಗೆ ಎಷ್ಟು ಸಲ ಎಬ್ಬಿಸಿ ಎಷ್ಟು ಸಲ ಕೊಂದೆವೋ ಲೆಕ್ಕವಿಲ್ಲ. ಪಾಪ, ಬೈಬಲಿನಲ್ಲಿ ಸತ್ತಿದ್ದ ಲಾಜರನನ್ನು ಒಂದೇ ಸಲ ಎಬ್ಬಿಸಿ ಬಿಟ್ಟಿದ್ದರು.

ಅಪ್ಪ ನೋಡಿದರೇ ಎಂದು ಕೇಳಿದ್ದೀಯ. ನಿನ್ನಪ್ಪ ಹೊರಗೆ ದೀವಿಹಲಸಿನ ಮರದ ಕೆಳಗೆ ಕೂತು ತೆಂಗಿನ ನಾರು ಹೊಸೆಯುತ್ತಿದ್ದ. ನಾನು ಒಳಗಿದ್ದೆನಲ್ಲ! ಅಕ್ಕ ಕೂತ ಕೋಣೆಯಲ್ಲಿ ತಮ್ಮನೂ ಬಂದು ಟೀವಿ ನೋಡುವುದುಂಟೇ? ಮರ್ಯಾದೆಗೆಟ್ಟವರ ಮನೆಯೇ ನಮ್ಮದು? ಮಾರನೆಯ ದಿನ ನೋಡಬೇಕೆಂದರೆ ಕ್ಯಾಸೆಟ್ಟು ಬೆಳಗಿನ ದೋಣಿಯಲ್ಲಿ ನಿನ್ನಮ್ಮನ ತವರಿಗೆ ಹೊರಟುಹೋಯಿತು. ಅಲ್ಲಿಯವರೂ ನಿನ್ನನ್ನು ಒಂದಿಷ್ಟು ಸಲ ಕೊಲ್ಲಬೇಕಲ್ಲ.

ಮುಂದಿನ ಸಲ ಸ್ವಲ್ಪ ನಿಧಾನವಾಗಿ ಸಾಯಿ.

ನಿನ್ನ ಸೋದರತ್ತೆ
ಕಲೊಲೈನೆ


ಸಿಡ್ನಿ
3 ಮೇ 1994

ಅತ್ತೆಯವರ ಪಾದಗಳಿಗೆ,

ನಿಮ್ಮ ಪತ್ರವನ್ನು ಈ ಮನೆಯ ಎಂಟೂ ಜನ ಓದಿದರು. ಈಗ ನಾನು ಅಡಿಗೆಮನೆಗೆ ಹೋದರೆ ಸಾಕು, "ಹಿಂದಕ್ಕೆ ತಿರುಗಿಸ್ರೋ" ಎನ್ನುತ್ತಾರೆ.

ನನಗೆ ಪಾತ್ರ ಹುಡುಕಿಕೊಡುವ ಬ್ರೆಂಡಾ ಎಂಬ ಹೆಂಗಸಿನ ಬಗ್ಗೆ ಬರೆದಿದ್ದೆನಲ್ಲ. ಮೊದಲ ದಿನವೇ ಅವಳಿಗೆ ಹೇಳಿದೆ: "ನಾನು ನಮ್ಮೂರ ಇಗರ್ಜಿಯ ಮೇಳದಲ್ಲಿ ಹಾಡಿದೋನು. ಅದರ ನಾಲ್ಕೂ ದನಿಗಳಲ್ಲಿ ಹಾಡ್ತೀನಿ, ಗಿಟಾರು ಬಾರಿಸ್ತೀನಿ."

"ತುಂಬಾ ಸಂತೋಷ" ಎಂದಳು. "ಬೀಳೋಕೆ ಬರುತ್ತಾ?"

ಬರುತ್ತದೆ ಎಂದೆ. ಅಂದಿನಿಂದ ಬೀಳುತ್ತಿದ್ದೇನೆ. ಕಾವಲುಗಾರ, ಕೈದಿ, ಕಾವಲುಗಾರನನ್ನು ಹೊಡೆಯುವ ಕೈದಿ. ಟೌಕೊಲೊ ಎಂಬ ನಮ್ಮ ಮನೆತನದ ಹೆಸರು ಇವರ ನಾಲಿಗೆಗೆ ಉದ್ದವಾಯಿತಂತೆ. ಕತ್ತರಿಸಿ ಬರೀ 'ಟೌ' ಮಾಡಿದ್ದಾರೆ. ಶನಿವಾರ ನಮ್ಮವರ ಮದುವೆಗಳಲ್ಲಿ ಹಾಡುತ್ತೇನೆ. ಅಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರೂ ಹಂದಿಮಾಂಸದ ಕಡೆಗೇ ನೋಡುತ್ತಿರುತ್ತಾರೆ.

ಹಾಡಲು ಬಂದವನು ನಾನು. "ಮೇಳ ಬಿಟ್ಟು ಹೋಗೋನು ಹೋಗಲಿ" ಎಂದು ಅಪ್ಪ ಅಂದು ಮೂರು ವರ್ಷವಾಯಿತು. ಒಂದು ಸಾಲು ಬರೆದಿಲ್ಲ. ಬೈದು ಬರೆದಿದ್ದರೂ ಜೇಬಲ್ಲಿಟ್ಟುಕೊಳ್ಳುತ್ತಿದ್ದೆ. ಅವರು ಒಂದು ಸಲ ನನ್ನನ್ನು ಪರದೆಯ ಮೇಲೆ ನೋಡಲಿ ಅತ್ತೆ. ಚೆನ್ನಾಗಿದೆ ಎನ್ನುವುದು ಬೇಡ. ನೋಡಿದರೆ ಸಾಕು.

ಇನ್ನೊಂದು ಕ್ಯಾಸೆಟ್ಟು ಕಳಿಸುತ್ತಿದ್ದೇನೆ. ಇದರಲ್ಲಿ ಮೆಟ್ಟಿಲ ಮೇಲಿಂದ ಬೀಳುತ್ತೇನೆ, ಆದ್ದರಿಂದ ಸಾಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ನಿಮ್ಮ
ಲೊಪೇತಿ


ಫೋವಾ
20 ಆಗಸ್ಟ್ 1994

ಮೆಟ್ಟಿಲುವೀರ ಲೊಪೇತಿಗೆ,

ಬಿದ್ದದ್ದು ಅಮೋಘವಾಗಿತ್ತು. ಉರುಳುವಾಗ ನಿನ್ನ ಮುಖ ನನ್ನ ಕಡೆಗೇ ತಿರುಗಿತು. "ಅತ್ತೇ" ಎನ್ನುತ್ತೀಯೇನೋ ಎಂದುಕೊಂಡು ನಾನು "ಬಂದೆ ಕಣೋ" ಎಂದುಬಿಟ್ಟೆ. ಇಡೀ ಊರು ಇನ್ನೂ ನಗುತ್ತಿದೆ.

ನಿನ್ನಪ್ಪನ ಸುದ್ದಿ. ಈ ಸಲವೂ ಆ ಮರದ ಕೆಳಗೇ. ಕೈಯಲ್ಲಿ ನಾರೂ ಇರಲಿಲ್ಲ, ಸುಮ್ಮನೆ ಕೂತಿದ್ದ. ನಾನು ಎದ್ದುಹೋದ ಮೇಲಾದರೂ ಒಳಗೆ ಬಂದು ನೋಡಬಹುದಿತ್ತಲ್ಲ ಎಂದು ನನಗೆ ರೇಗಿಹೋಯಿತು. ಮರುದಿನ ಬೇಲಿಯಾಚೆಯಿಂದ ಕೇಳಿಯೇಬಿಟ್ಟೆ: "ಏನಯ್ಯಾ ಇಸಿಲೇಲಿ, ಮಗನ ಮುಖ ನೋಡೋಕೂ ಆಗದಷ್ಟು ಬಿಗುಮಾನ ಏನು ನಿಂದು?"

ಅವನು ತಲೆ ಬಗ್ಗಿಸಿ, "ಹೂಂ ಅಕ್ಕ" ಎಂದ.

"ಹೂಂ ಅಂದ್ರೆ?"

"ಹೂಂ ಅಕ್ಕ."

ಇದು ನಿನ್ನ ತಂದೆಯವರ ಸಂಪೂರ್ಣ ಭಾಷಣ. ಆಮೇಲೆ ಕೆಮ್ಮುತ್ತ ಗೆಣಸಿನ ಹೊಲಕ್ಕೆ ಹೋದ. ಈಚೆಗೆ ಕೆಮ್ಮು ಜಾಸ್ತಿ. ಮೇಳದ ಮುಂದೆ ನಿಂತು ಕೈ ಆಡಿಸುವಾಗ ಮಾತ್ರ ಕೆಮ್ಮುವುದಿಲ್ಲ. ಕೆಮ್ಮಿಗೂ ಅವನ ಭಯವಿದೆ.

ನಿನ್ನ ಸೋದರತ್ತೆ
ಕಲೊಲೈನೆ


ಸಿಡ್ನಿ
9 ನವೆಂಬರ್ 1994

ಅತ್ತೆ,

ಕೂತುಕೊಳ್ಳಿ. ಕೂತಿದ್ದರೆ ಎದ್ದು ಮತ್ತೆ ಕೂತುಕೊಳ್ಳಿ. ನನಗೆ ದೊಡ್ಡ ಪಾತ್ರ ಸಿಕ್ಕಿದೆ!

ಬೀದಿಯಲ್ಲಿ ಹಾಡುವವನೊಬ್ಬನ ಕಥೆ. ಟೀವಿಗೆಂದೇ ತೆಗೆಯುವ ಪೂರ್ತಿ ಸಿನಿಮಾ. ಅವನೇ ನಾನು. ಮೊದಲಿನಿಂದ ಕೊನೆಯವರೆಗೆ ಬದುಕಿರುತ್ತೇನೆ! ಕೊನೆಯಲ್ಲಿ ಒಂದು ಹಾಡು. "ನಿಮ್ಮೂರ ರಾಗ ಏನಾದ್ರೂ ಇದೆಯಾ?" ಎಂದರು ನಿರ್ದೇಶಕರು. ಅಪ್ಪ ಹಬ್ಬದ ಮೇಳಕ್ಕೆ ಕಟ್ಟಿದ ರಾಗ ಹಾಡಿ ತೋರಿಸಿದೆ. ಕರಿಹಲಗೆಯ ತುಂಬ ಅಂಕಿಗಳಲ್ಲಿ ಸ್ವರ ಬರೆದು, ಕೋಲಿನಿಂದ ಒಂದೊಂದನ್ನೇ ಕುಟ್ಟಿ ಕಲಿಸಿದರಲ್ಲ, ಅದು. ಕೋಣೆಯಲ್ಲಿದ್ದವರೆಲ್ಲ ಇನ್ನೊಂದು ಸಲ ಹಾಡು ಎಂದರು. ಬ್ರೆಂಡಾ ಕೂಡ.

ಅಪ್ಪನಿಗೆ ಬೇರೆ ಕಾಗದ ಬರೆದು ರಾಗಕ್ಕೆ ಅಪ್ಪಣೆ ಕೇಳಿದ್ದೇನೆ. ನೀವು ಬೇಲಿಯಾಚೆಯಿಂದ ಒಂದು ಮಾತು ಹಾಕಿ.

ಕೂದಲು ಭುಜ ದಾಟಿದೆ. ಈ ಕೂದಲನ್ನು ನೋಡಿಯೇ ನನ್ನನ್ನು ಆರಿಸಿದ್ದಂತೆ. ಏಪ್ರಿಲ್‌ನಲ್ಲಿ ಚಿತ್ರೀಕರಣ. ಅದು ಮುಗಿಯುವ ತನಕ ಒಂದು ಎಳೆಯನ್ನೂ ಕತ್ತರಿಸುವಂತಿಲ್ಲ ಎಂದು ಸಹಿ ಹಾಕಿಸಿಕೊಂಡಿದ್ದಾರೆ. ಹೆಸರಿಗೆ ಕತ್ತರಿ ಹಾಕಿದವರು ಕೂದಲಿಗೆ ಕಾವಲು ಇಟ್ಟಿದ್ದಾರೆ ನೋಡಿ.

ಅಪ್ಪನಿಗೆ ಹೇಳಿ, ಈ ಸಲ ನಾನು ಸಾಯುವುದಿಲ್ಲ.

ನಿಮ್ಮ
ಲೊಪೇತಿ


ಫೋವಾ
15 ಜನವರಿ 1995

ಮಗ ಲೊಪೇತಿಗೆ,

ನಿನ್ನ ಕಾಗದ ತಲುಪಿತು. ರಾಗ ದೇವರದು. ಅಂಕಿಗಳು ಮಾತ್ರ ನನ್ನವು. ಬಳಸಿಕೋ.

ನಾಲ್ಕನೆಯ ಸಾಲಿನಲ್ಲಿ ಅವಸರ ಮಾಡಬೇಡ. ಚಿಕ್ಕಂದಿನಿಂದಲೂ ನೀನು ಅಲ್ಲಿ ಓಡುತ್ತೀಯ. ಅಲ್ಲಿ ಉಸಿರಿಗೆ ಜಾಗ ಬಿಟ್ಟಿದ್ದೇನೆ. ತೆಗೆದುಕೋ.

ಮೇಳದಲ್ಲಿ ಗಂಡುದನಿ ಕಡಿಮೆಯಾಗಿದೆ. ಹುಡುಗರೆಲ್ಲ ಆಕ್ಲೆಂಡಿಗೆ ಹೋದರು. ಮಂದ್ರಕ್ಕೆ ಉಳಿದವನು ತಾನಿಯೆಲಾ ಒಬ್ಬ. ಅವನು ನಿದ್ದೆ ಮಾಡುತ್ತಾನೆ.

ಮೆಟ್ಟಿಲಿಂದ ಬಿದ್ದೆಯಲ್ಲ, ಸದ್ದು ಜೋರಾಗಿತ್ತು. ಮೆಟ್ಟಿಲು ಮರದ್ದೋ ಕಲ್ಲಿನದೋ? ಪೆಟ್ಟಾಯಿತೇ? ನಿನ್ನ ದನಿ ಒಡೆದಂತಿದೆ. ಅಲ್ಲಿ ಚಳಿ ಇರಬೇಕು. ಕೊರಳಿಗೆ ಏನಾದರೂ ಸುತ್ತಿಕೋ.

ನಿನ್ನ ತಂದೆ
ಇಸಿಲೇಲಿ ಟೌಕೊಲೊ


ಸಿಡ್ನಿ
8 ಫೆಬ್ರವರಿ 1995

ಅತ್ತೆ,

ಅಪ್ಪ ಬರೆದಿದ್ದಾರೆ! ಅವರು ನನ್ನನ್ನು ನೋಡಿದ್ದಾರೆ, ಅತ್ತೆ! ಮೆಟ್ಟಿಲಿಂದ ಬಿದ್ದದ್ದನ್ನು ನೋಡಿ ಪೆಟ್ಟಾಯಿತೇ ಎಂದು ಕೇಳಿದ್ದಾರೆ. ನೀವು ಮನೆಗೆ ಹೋದ ಮೇಲೆ ತಾನಿಯೆಲಾನನ್ನು ಎಬ್ಬಿಸಿ ಕದ್ದು ನೋಡಿರಬೇಕು.

ಚಿತ್ರೀಕರಣಕ್ಕೆ ಮೊದಲೇ ಹಾಡನ್ನು ಮುದ್ರಿಸಿಕೊಂಡರು. ನಾಲ್ಕನೆಯ ಸಾಲಿನಲ್ಲಿ ಉಸಿರು ತೆಗೆದುಕೊಂಡೆ. ಕೊರಳಿಗೆ ಬಟ್ಟೆ ಸುತ್ತಿಕೊಂಡು ಹಾಡಿದೆ. ಸೆಕೆಗೆ ಬೆವರು ಇಳಿಯುತ್ತಿತ್ತು, "ತೆಗೆದುಹಾಕು" ಎಂದು ನಿರ್ದೇಶಕರು ಬೇಡಿಕೊಂಡರು. "ಅಪ್ಪನ ಅಪ್ಪಣೆ, ಸಾರ್" ಎಂದೆ.

ಲೊಪೇತಿ


ಫೋವಾ
22 ಏಪ್ರಿಲ್ 1995

ಲೊಪೇತಿಗೆ,

ನೀನು ಹೋದ ಮೇಲೆ ಮಳೆ ಬಂತು. ನಿನ್ನಪ್ಪನ ಹೊಸ ಗೋರಿಯ ಮರಳು ಸ್ವಲ್ಪ ಜಾರಿತ್ತು. ಮೆಲೆನೈತೆಯೂ ನಾನೂ ಕೈಯಿಂದಲೇ ಸರಿಮಾಡಿ, ಅಂಚಿಗೆ ಬಿಳಿ ಹವಳದ ಕಲ್ಲು ಜೋಡಿಸಿದೆವು.

ನಾನು ದೊಡ್ಡವಳಾದಾಗ, ತಮ್ಮನಿರುವ ಮನೆಯಲ್ಲಿ ಮಲಗಬಾರದೆಂದು ನನ್ನ ಚಾಪೆ ಬೇರೆ ಮನೆಗೆ ಹೋಯಿತು. ಅಂದಿನಿಂದ ಕೊನೆಯವರೆಗೆ ನಾನೂ ಇಸಿಲೇಲಿಯೂ ಒಂದು ಸೂರಿನ ಕೆಳಗೆ ಜೊತೆಯಲ್ಲಿ ಕೂತದ್ದಿಲ್ಲ, ಇಗರ್ಜಿಯೊಂದನ್ನು ಬಿಟ್ಟು. ಅವನು ಸತ್ತ ಮೇಲೆ ತಲೆದೆಸೆಯಲ್ಲಿ ಕೂರುವ ಹಕ್ಕು ಅಕ್ಕನದು. ಇಡೀ ರಾತ್ರಿ ಅವನ ಮುಖವನ್ನೇ ನೋಡುತ್ತ ಕೂತೆ. ಎಷ್ಟು ಮುದುಕನಾಗಿದ್ದಾನೆ ಎಂದು ಅಂದೇ ನನಗೆ ತಿಳಿದದ್ದು. ಬೇಲಿಯಾಚೆಯಿಂದ ಅಷ್ಟು ಕಾಣುತ್ತಿರಲಿಲ್ಲ.

ನೀನು ಸೂತಕದ ಹರಿದ ಚಾಪೆ ಸೊಂಟಕ್ಕೆ ಸುತ್ತಿಕೊಂಡು ಅಡಿಗೆಯ ಹೊಗೆಯಲ್ಲಿ ಗೆಡ್ಡೆ ಸುಲಿಯುತ್ತಿದ್ದೆ. ಸತ್ತವನ ಮಕ್ಕಳ ಜಾಗ ಅದೇ ತಾನೇ. ಸಿಡ್ನಿಯ ನಟ ಎಂದು ನೋಡಲು ಬಂದವರು ಹೊಗೆಗೆ ಕಣ್ಣೊರೆಸಿಕೊಂಡು ವಾಪಸ್ಸಾದರು.

ಆಮೇಲೆ ನಿನ್ನ ಕೂದಲು. ಅಪ್ಪ ಸತ್ತಾಗ ಮಕ್ಕಳ ಕೂದಲು ಕತ್ತರಿಸುವವಳು ಸೋದರತ್ತೆ. ಇದನ್ನು ನಾನೇನು ಹುಟ್ಟಿಸಿಕೊಂಡದ್ದಲ್ಲ. ನಿನ್ನ ಕರಾರಿನ ವಿಷಯ ನೀನು ಬಾಯಿ ಬಿಡಲಿಲ್ಲ. ಆದರೆ ನನಗೆ ಬರೆದದ್ದು ನೀನೇ, ನನಗೆ ಮರೆವಿನ ರೋಗವಿಲ್ಲ. ಕತ್ತರಿ ಹಿಡಿದವಳು ನಿನ್ನ ಕಿವಿಯಲ್ಲಿ, "ತುದಿ ಮಾತ್ರ ಸಾಕು ಕಣೋ. ನಾನು ಸಾಕು ಅಂದ್ರೆ ಯಾಕೆ ಅಂತ ಕೇಳೋ ಗಂಡಸು ಈ ದ್ವೀಪದಲ್ಲಿಲ್ಲ" ಎಂದೆ.

ನೀನು ಹೇಳಿದೆ: "ಅಪ್ಪನಿಗೆ ತುದಿ ಸಾಕಾ, ಅತ್ತೆ? ಅವರು ನನ್ನ ನೋಡಿದ್ದಾರೆ. ಪೂರ್ತಿ ತೆಗೀರಿ."

ತೆಗೆದೆ. ನಿನ್ನ ತಲೆ ಹುಟ್ಟಿದಾಗ ಇದ್ದಂತೆಯೇ ಇದೆ, ಹಿಂಬದಿಯಲ್ಲಿ ಚಪ್ಪಟೆ.

ಅಲ್ಲಿ ಏನಾಯಿತು? ಬರೆ.

ಕಲೊಲೈನೆ ಅತ್ತೆ


ಸಿಡ್ನಿ
30 ಜೂನ್ 1995

ಅತ್ತೆಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ನಗುವಂಥದ್ದು ಏನಾದರೂ ಸಿಗಲಿ ಎಂದು ಕಾಯುತ್ತಿದ್ದೆ. ಸಿಕ್ಕಿತು: ಈ ಸಲ ಬೀಳದೆಯೇ ಸತ್ತೆ.

ಮೊದಲ ದಿನ ಟೋಪಿ ಹಾಕಿಕೊಂಡು ಹೋದೆ. ತೆಗೆ ಎಂದರು. ತೆಗೆದೆ. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿರ್ದೇಶಕರು ನನ್ನ ಭುಜದ ಮೇಲೆ ಕೈಯಿಟ್ಟು, ಅಪ್ಪನ ಸಾವಿಗೆ ವಿಷಾದ ಹೇಳಿ, ಚೌರಿ ತರಿಸಿದರು. ಸತ್ತ ಬೆಕ್ಕನ್ನು ತಲೆಯ ಮೇಲೆ ಒಣಗಹಾಕಿದಂತಿತ್ತು. ದೀಪ ಹಾಕಿ ನೋಡಿದರು, ದೀಪ ಆರಿಸಿ ನೋಡಿದರು. ಬ್ರೆಂಡಾ ನನ್ನನ್ನು ಆಚೆ ಕರೆದು, "ಒಂದು ಮಾತು ಫೋನ್ ಮಾಡಿ ಕೇಳಬಾರದಾಗಿತ್ತಾ? ಕೂದಲು ತಾನೇ, ಆಮೇಲೆ ಕತ್ತರಿಸಬಹುದಿತ್ತು" ಎಂದಳು. ಅವಳಿಗೆ ಏನೆಂದು ಹೇಳಲಿ? ಸತ್ತವರನ್ನು ಸ್ವಲ್ಪ ತಡೀರಿ ಎನ್ನಬೇಕಿತ್ತೇ?

ಪಾತ್ರ ಬೇರೊಬ್ಬನಿಗೆ ಹೋಯಿತು. ಒಳ್ಳೆಯ ಹುಡುಗ, ಒಳ್ಳೆಯ ಕೂದಲು. ಅವನಿಗೆ ಹಾಡಲು ಬರುವುದಿಲ್ಲ. ಅದಕ್ಕೆ ಹಾಡು ಮಾತ್ರ ನನ್ನದನ್ನೇ ಇಟ್ಟುಕೊಂಡಿದ್ದಾರೆ. ಅಪ್ಪನ ರಾಗ, ನನ್ನ ಗಂಟಲು, ಅವನ ಬಾಯಿ.

ಬ್ರೆಂಡಾ ಈಗ ಫೋನ್ ಮಾಡುವುದಿಲ್ಲ. ಕೋಳಿಮಾಂಸದ ಶೀತಗೃಹದಲ್ಲಿ ಪೆಟ್ಟಿಗೆ ಎತ್ತುತ್ತೇನೆ. ಗಿಟಾರನ್ನು ಮನೆಯ ಹುಡುಗರಿಗೆ ಕೊಟ್ಟೆ. ಮದುವೆಗಳಿಗೂ ಹೋಗುವುದಿಲ್ಲ. ಮುಖವಿಲ್ಲದ ಹಾಡು ಯಾರಿಗೆ ಬೇಕು? ಬೆಳಿಗ್ಗೆ ಎದ್ದಾಗ ಏಕೆ ಎದ್ದೆ ಎಂದು ಕೆಲವು ದಿನ ಹೊಳೆಯುವುದೇ ಇಲ್ಲ.

ಒಂದು ಮಾತ್ರ ಉಳಿದಿದೆ, ಅಪ್ಪ ನನ್ನನ್ನು ನೋಡಿದರು ಎಂಬುದು. ಅದನ್ನು ಇನ್ನೂ ಸ್ವಲ್ಪ ಉದ್ದ ಮಾಡಿಕೊಡಿ. ತಾನಿಯೆಲಾನನ್ನು ಕೇಳಿ ಬರೆಯಿರಿ. ಅಪ್ಪ ಯಾವತ್ತು ಬಂದು ನೋಡಿದರು? ಎಲ್ಲಿ ಕೂತಿದ್ದರು? ನಾನು ಬಿದ್ದಾಗ ಅವರ ಮುಖ ಹೇಗಿತ್ತು?

ಲೊಪೇತಿ


ಸಿಡ್ನಿ
11 ಸೆಪ್ಟೆಂಬರ್ 1995

ಅತ್ತೆ,

ಉತ್ತರವಿಲ್ಲ. ಆರೋಗ್ಯವಾಗಿದ್ದೀರಾ? ತಾನಿಯೆಲಾನನ್ನು ಕೇಳಿದಿರಾ?

ಆ ಸಿನಿಮಾದ ಕ್ಯಾಸೆಟ್ಟು ಬ್ರೆಂಡಾ ಕಳಿಸಿದಳು. ನಾನು ನೋಡಿಲ್ಲ. ನಿಮಗೆ ಕಳಿಸುತ್ತಿದ್ದೇನೆ. ಜನರೇಟರಿಗೆ ಎಣ್ಣೆ ದಂಡ ಎನ್ನಿಸಿದರೆ ನೋಡಬೇಡಿ.

ಲೊ.


ಫೋವಾ
4 ನವೆಂಬರ್ 1995

ಲೊಪೇತಿ, ನನ್ನ ಮಗನೇ,

ತಾನಿಯೆಲಾನನ್ನು ಜುಲೈಯಲ್ಲೇ ಕೇಳಿದೆ. ಬರೆಯಲು ಇಷ್ಟು ದಿನ ಬೇಕಾಯಿತು. ಸುಳ್ಳು ಬರೆಯೋಣ ಎಂದು ಎಷ್ಟೋ ಸಲ ಕೂತೆ. ನನಗೆ ಸುಳ್ಳು ಹೇಳಲು ಬರುತ್ತದೆ, ಸಾಕಷ್ಟು ಹೇಳಿದ್ದೇನೆ. ಇದೊಂದು ಮಾತ್ರ ಕೈಗೆ ಬರಲಿಲ್ಲ.

ಅವನ ಅಂಗಡಿಗೆ ಹೋಗಿ, ಊರ ಹಿರಿಯಳ ಗತ್ತಿನಲ್ಲೇ ಶುರುಮಾಡಿದೆ: "ಏನೋ ಕಳ್ಳ, ನನ್ನ ತಮ್ಮನಿಗೆ ಗುಟ್ಟಾಗಿ ಸಿನಿಮಾ ತೋರಿಸ್ತಿದ್ದೆಯಂತೆ. ಯಾವತ್ತು?"

ಅವನು ಸಕ್ಕರೆ ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. "ಇಲ್ಲಮ್ಮ, ಅವರು ನೋಡೇ ಇಲ್ಲ."

"ಮೆಟ್ಟಿಲಿಂದ ಬಿದ್ದದ್ದು ಬರೆದಿದ್ದಾನಲ್ಲೋ!"

"ಕೇಳಿಸಿಕೊಂಡದ್ದು. ಮರದ ಕೆಳಗಿಂದ. ಅವರಿಗೆ ಅಂತಲೇ ಆ ಕಡೆ ಕಿಟಕಿ ತೆಗೆದು, ಸದ್ದು ಜಾಸ್ತಿ ಮಾಡ್ತಿದ್ದೆ. ಎಲ್ಲರೂ ಹೋದ ಮೇಲೆ ಬಂದು ಕೇಳೋರು. ಎಡಗಡೆಗೆ ಬಿದ್ನಾ ಬಲಗಡೆಗಾ, ಏನು ಅಂಗಿ ಹಾಕಿದ್ದ, ಸೊರಗಿದಾನಾ. ನಾನು ಹೇಳ್ತಿದ್ದೆ."

"ಆಗಲೇ ಹಾಕಿ ತೋರಿಸೋಕೆ ನಿನಗೇನಾಗಿತ್ತೋ?"

"ಎಣ್ಣೆ ಮುಗಿದಿರ್ತಿತ್ತು. ಇನ್ನೊಂದು ಡಬ್ಬ ಹಾಕ್ತೀನಿ ಅಂದ್ರೆ 'ನನ್ನೊಬ್ಬನಿಗೆ ಯಾಕೆ' ಅನ್ನೋರು. ನಿಮಗೆ ಹೇಳಲಾ ಅಂತ ಒಂದ್ಸಲ ಕೇಳಿದೆ. 'ಬೇಡ ಕಣೋ. ಗೊತ್ತಾದ್ರೆ ಅಕ್ಕ ಬರೋದು ನಿಲ್ಲಿಸಿಬಿಡ್ತಾಳೆ. ಅವಳಿಗೆ ಆ ಹುಡುಗ ಅಂದ್ರೆ ಪ್ರಾಣ. ಅವಳು ನೋಡಲಿ' ಅಂದ್ರು."

ನಿನ್ನಪ್ಪ ನಿನ್ನನ್ನು ನೋಡಿಲ್ಲ, ಲೊಪೇತಿ. ಒಮ್ಮೆಯೂ. ನಾನು ಒಂದು ಸಂಜೆ ತಲೆನೋವೆಂದು ಮನೆಯಲ್ಲಿ ಮಲಗಿದ್ದರೆ ಸಾಕಿತ್ತು. ಇವತ್ತು ಬರಬೇಡ ಎಂದು ಅಕ್ಕನಿಗೆ ಹೇಳುವ ತಮ್ಮ ಟೊಂಗಾದಲ್ಲಿ ಹುಟ್ಟಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎದುರಿನ ಚಾಪೆಯಲ್ಲಿ ಕೂತು ನಿನ್ನನ್ನು ಹಿಂದಕ್ಕೆ ತಿರುಗಿಸಿ ನಗುತ್ತಿದ್ದೆ. ಅವನಿಗೆ ಬಿಗುಮಾನ ಎಂದು ನಿನಗೆ ಬರೆದವಳೂ ನಾನೇ. ಕೊನೆಗೆ ನಿನ್ನ ಕೂದಲು ತೆಗೆದದ್ದೂ ಈ ಕೈಯೇ.

ಮುಖವಿಲ್ಲದ ಹಾಡು ಯಾರಿಗೆ ಬೇಕು ಎಂದು ಬರೆದಿದ್ದೀಯ. ನಿನ್ನಪ್ಪನಿಗೆ ಸಿಕ್ಕಿದ್ದು ಅಷ್ಟೇ ಕಣೋ. ಗಿಟಾರು ವಾಪಸ್ಸು ತಗೋ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಹೇಳಿದೆ.

ನಿನ್ನ ಕ್ಯಾಸೆಟ್ಟು ಬಂತು. ನಿನ್ನೆ ಸಂಜೆ ಹಾಕಿದರು. ಜನ ಬಂದರು, ಪಾದ್ರಿಗಳು ಬಂದರು, ಹಂದಿಯೂ ಬಂತು. ತಾನಿಯೆಲಾ ಬಾಗಿಲಲ್ಲಿ ನಿಂತು, "ಒಳಗೆ ಬನ್ನಿ ಅಮ್ಮ, ಶುರುವಾಗುತ್ತೆ" ಎಂದ. ಎದುರಿನ ಚಾಪೆಯಲ್ಲಿ ಯಾರೂ ಕೂರಬೇಡಿ ಎಂದು ಹೇಳಿ ನಾನು ಹೋಗಿ ದೀವಿಹಲಸಿನ ಮರದ ಕೆಳಗೆ ಕೂತೆ. ಅಲ್ಲಿ ಮರದ ಬೇರು ಮೇಲೆದ್ದಿದೆ, ಕೂತರೆ ತೊಡೆಗೆ ಒತ್ತುತ್ತದೆ. ಇಸಿಲೇಲಿ ಒಂದು ದಿನವೂ ಹೇಳಿರಲಿಲ್ಲ.

ಕೊನೆಗೆ ಹಾಡು ಬಂತು. ಒಳಗೆ ಮೆಲೆನೈತೆ, "ಅಯ್ಯೋ, ಇದು ನಮ್ಮ ಲೊಪೇತಿ ಅಲ್ವಲ್ಲ!" ಎಂದಳು. ಹೊರಗೆ ನೀನೇ. ನಾಲ್ಕನೆಯ ಸಾಲು ಬಂತು. ನೀನು ಓಡಲಿಲ್ಲ. ನಿಂತು, ಉಸಿರು ತೆಗೆದುಕೊಂಡು, ಆಮೇಲೆ ಹಾಡಿದೆ.

ಕಿಟಕಿಯಿಂದ ಆ ಖಾಲಿ ಚಾಪೆ ಕಾಣುತ್ತಿತ್ತು. ನಾನು ಹೊರಗಿದ್ದೆ. ಇನ್ನು ಇಸಿಲೇಲಿ ಒಳಗೆ ಹೋಗಬಹುದಿತ್ತು. ಹೋಗಿದ್ದರೂ ಆ ಪರದೆಯ ಮೇಲೆ ನೀನಿರಲಿಲ್ಲ.

ಮರದ ಕೆಳಗಿಂದ
ನಿನ್ನ ಅತ್ತೆ
ಕಲೊಲೈನೆ